ಕೆಳಗಿನ ಅಂಚು

೧೯೯೨ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆ. ದೀಪಾವಳಿಯ ಸೂಟಿ ಮುಗಿದು ಎಲ್ಲರೂ ತಿರುಗಿ ಹೋದರು, ನಾನು ಹೋಗಲಿಲ್ಲ. ಫೇಲಾಗಿ ಬಿಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗಣಿತದಲ್ಲಿ ನನಗಿಂತ ಮುಂದಿದ್ದವಳು ಇಡೀ ತರಗತಿಯಲ್ಲಿ ಒಬ್ಬ ಹುಡುಗಿ ಮಾತ್ರ.

ಮಹಾರಾಷ್ಟ್ರದ ಗಡಿಯಲ್ಲಿ, ಮೈಂದರ್ಗಿಯ ಹತ್ತಿರ ನಮ್ಮ ಊರು. ಮನೆಯಲ್ಲಿ ಕುರಿ ಇದ್ದವು, ಸ್ವಲ್ಪ ಹೊಲ ಇತ್ತು. ಆ ಹಬ್ಬಕ್ಕೆ ಅವ್ವನ ತಮ್ಮ, ನಮ್ಮ ಮಾಮಾ, ಸೊಲ್ಲಾಪುರದಿಂದ ಬಂದಿದ್ದ. ಚಾದರ ನೇಯುವ ಕಾರ್ಖಾನೆಯ ಡಿಜೈನ್ ಖೋಲಿಯಲ್ಲಿ, ಅಂದರೆ ನಮೂನೆ ಬರೆಯುವ ಕೋಣೆಯಲ್ಲಿ, ಅವನ ಕೆಲಸ. ಅವನ ಚೀಲದಿಂದ ಒಂದು ದೊಡ್ಡ ಹಾಳೆ ಇಣುಕುತ್ತಿತ್ತು. ಹಾಳೆಯ ತುಂಬ ಸಾಸಿವೆಯಷ್ಟು ಚಿಕ್ಕ ಚಿಕ್ಕ ಚೌಕಗಳು, ಕೆಲವಕ್ಕೆ ಕೆಂಪು ತುಂಬಿದೆ, ಕೆಲವು ಖಾಲಿ. ಹತ್ತಿರದಿಂದ ನೋಡಿದರೆ ಏನೂ ಅಲ್ಲ. ಗೋಡೆಗೆ ಹಚ್ಚಿ ದೂರ ನಿಂತರೆ ನವಿಲು.

"ಇದು ನೀ ಬರದಿಯೇನು ಮಾಮಾ?"

"ಬರಿಯೂದಲ್ಲೋ, ತುಂಬೂದು. ಕೂಡಾಕ ಕುಂಡಿ ಗಟ್ಟಿ ಇರಬೇಕು, ಅಷ್ಟ."

"ನಂದು ಗಟ್ಟಿ ಅದ" ಎಂದೆ.

ಅಪ್ಪ ನಕ್ಕ. ಅವ್ವ ನಗಲಿಲ್ಲ. ಮರುದಿನ ಅಕ್ಕಲಕೋಟಕ್ಕೆ ಹೋಗಿ ಅಲ್ಲಿಂದ ಸೊಲ್ಲಾಪುರದ ಎಸ್‌ಟಿ ಬಸ್ಸು ಹತ್ತಿದೆವು.

ಚಾದರದ ಮಗ್ಗಕ್ಕೆ ಕಣ್ಣಿಲ್ಲ. ಅದು ರಟ್ಟಿನ ಪಟ್ಟಿಗಳನ್ನು ಮುಟ್ಟಿ ನೋಡಿ ನೇಯುತ್ತದೆ. ಪಟ್ಟಿಯಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾಳೆಯ ಚೌಕಗಳನ್ನು ಪಟ್ಟಿಯ ತೂತುಗಳಾಗಿ ಮಾಡುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹಾಳೆ ನೋಡುತ್ತ ಸಾಲು ಸಾಲಾಗಿ ಓದುತ್ತಾನೆ: ಮೂರು ಬಿಡು, ಎರಡು ಹೊಡಿ, ಒಂದು ಬಿಡು. ಇನ್ನೊಬ್ಬ ಅವನಿಗೆ ಬೆನ್ನು ಮಾಡಿ ಕುಳಿತು ತೂತು ಹೊಡೆಯುತ್ತಾನೆ. ಹೊಡೆಯುವವನು ತಿರುಗಿ ಹಾಳೆ ನೋಡುವಂತಿಲ್ಲ. ನೋಡಿದ್ದಕ್ಕೆ ನಾನು ಮಾಮಾನ ಕೈಯಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ.

"ನವಿಲು ನೋಡಬ್ಯಾಡಲೇ. ನೋಡಿದ್ರ ನಿನ್ನ ತಲಿಯಾಗಿನ ನವಿಲ ಹೊಡಿತಿ. ಗಿರಾಕಿಗಿ ನಿನ್ನ ನವಿಲು ಬ್ಯಾಡ."

ಮದುವೆಯಾದ ಮೇಲೆ ಮಾಮಾನ ಜಾಗಕ್ಕೆ ನನ್ನ ಹೆಂಡತಿ ಬಂದಳು, ಅಂದರೆ ಮನೆಗೆ ತಂದ ಕೆಲಸಕ್ಕೆ. ಆಕೆ ನಾಲ್ಕನೆಯ ಇಯತ್ತೆ ಕಲಿತವಳು. ಆದರೆ ಆಕೆ ಓದಿದ ಸಾಲು ತಪ್ಪಿದ್ದು ನನಗೆ ನೆನಪಿಲ್ಲ. ಹಾಲಿಗೆ ಹೆಪ್ಪು ಹಾಕುತ್ತ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದೇ ಧ್ವನಿಯಲ್ಲಿ ಓದುತ್ತಿದ್ದಳು. ನಾನು ಬೆನ್ನು ಮಾಡಿ ಹೊಡೆಯುತ್ತಿದ್ದೆ. ಹೊಸದಾಗಿ ಮದುವೆಯಾದವರು ಮಾತಾಡುವುದನ್ನೆಲ್ಲ ನಾವು ಹೀಗೆ "ಹೊಡಿ, ಬಿಡು" ಎನ್ನುತ್ತಲೇ ಆಡಿ ಮುಗಿಸಿದೆವು.

ಮುಂದೆ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಚೌಕ ತುಂಬುವ ಕೆಲಸ ಪೆನ್ಸಿಲಿನಿಂದ ಮೌಸಿಗೆ ಹೋಯಿತು, ತೂತು ಹೊಡೆಯುವುದು ನಿಂತೇ ಹೋಯಿತು. ಕಲಿತೆ. ಇಂಗ್ಲಿಷ್ ಅಕ್ಷರ ಗುರುತಿಟ್ಟುಕೊಂಡು ಕಲಿತೆ, ಯಾರೂ ಕಲಿಸಲಿಲ್ಲ. ಆಮೇಲೆ ಮಾಲಕರು ಹೂವು ನವಿಲು ಬಿಟ್ಟು ಸಾದಾ ಟಾವೆಲ್ ಮಾಡತೊಡಗಿದರು. ಟಾವೆಲಿಗೆ ಡಿಜೈನ್ ಯಾಕೆ? ಖೋಲಿ ಮುಚ್ಚಿತು. ಕಾರ್ಖಾನೆಯ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಹುಡುಗ ಸೊಲ್ಲಾಪುರದ ಒಂದು ಹೃದಯದ ಆಸ್ಪತ್ರೆಯ ಮಷೀನುಗಳನ್ನೂ ನೋಡಿಕೊಳ್ಳುತ್ತಿದ್ದ. ಅವನೇ ಬಂದು ಹೇಳಿದ: "ಕಾಕಾ, ಅಲ್ಲಿ ದಿನಪೂರ್ತಿ ಚೌಕ ತುಂಬಿ ತಲಿ ಕೆಡದ ಮನಷ್ಯಾ ಬೇಕಂತ. ನಿಮ್ಮದ ನೆನಪಾತು."

ಹೀಗೆ ನಾನು ಹೃದಯ ಮಾಡುವವನಾದೆ.

ಜನ ಕೇಳುತ್ತಾರೆ, ಹೇಗೆ ಮಾಡುತ್ತೀ ಎಂದು. ಕಟಕ ರೊಟ್ಟಿಯ ಅಟ್ಟಿ ನೋಡಿದ್ದೀರಲ್ಲ, ಒಂದರ ಮೇಲೊಂದು ಇಟ್ಟದ್ದು, ಹಾಗೆಯೇ ಸಿಟಿ ಸ್ಕ್ಯಾನು ರೋಗಿಯ ಎದೆಯನ್ನು ತೆಳ್ಳಗಿನ ನೂರಾರು ಚಿತ್ರಗಳಾಗಿ ಕೊಡುತ್ತದೆ. ಪ್ರತಿ ಚಿತ್ರವೂ ಚೌಕಗಳದ್ದು. ಔಷಧ ಬೆರೆತ ರಕ್ತ ಬೆಳ್ಳಗೆ ಕಾಣುತ್ತದೆ, ಹೃದಯದ ಗೋಡೆ ಬೂದಿ ಬಣ್ಣ. ಒಂದೊಂದು ಚಿತ್ರದಲ್ಲಿ ರಕ್ತ ಯಾವುದು, ಗೋಡೆ ಯಾವುದು ಎಂದು ತುಂಬಬೇಕು. ಸುಲಭದ್ದನ್ನು ಕಂಪ್ಯೂಟರೇ ತುಂಬುತ್ತದೆ, ಕಠಿಣವಾದದ್ದನ್ನು ನನಗೆ ಬಿಡುತ್ತದೆ. ಎಲ್ಲ ತುಂಬಿ ಒಂದರ ಮೇಲೊಂದು ಪೇರಿಸಿದರೆ ಮೆಟ್ಟಿಲು ಮೆಟ್ಟಿಲಾದ ಒಂದು ಆಕಾರ ಬರುತ್ತದೆ. ಅದರ ಮೈಮೇಲೆ ಕಂಪ್ಯೂಟರು ಸಣ್ಣ ಸಣ್ಣ ತ್ರಿಕೋನಗಳ ಬಲೆ ಹೊದಿಸುತ್ತದೆ. ಮೆಟ್ಟಿಲು ಸವರಿ ನುಣುಪು ಮಾಡಿ, ಪ್ರಿಂಟರಿಗೆ ಕಳಿಸಿದರೆ, ರಬ್ಬರಿನಂಥ ಪ್ಲಾಸ್ಟಿಕ್ಕಿನಲ್ಲಿ ಆ ರೋಗಿಯದೇ ಹೃದಯ ಕೈಗೆ ಬರುತ್ತದೆ. ಡಾಕ್ಟರು ಅದನ್ನು ಕತ್ತರಿಸಿ, ಒಳಗೆ ಬೆರಳು ಹಾಕಿ, ನಿಜವಾದದ್ದನ್ನು ಮುಟ್ಟುವ ಮೊದಲೇ ಎಲ್ಲ ನೋಡಿಕೊಳ್ಳುತ್ತಾರೆ.

ನಮ್ಮ ಡಾಕ್ಟರ್ ಮ್ಯಾಡಮ್ ಮರಾಠಿಯವರು. ಅವರು ಆಡಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೇರಿದ ಹೊಸತರಲ್ಲಿ ನಾನು ಒಂದು ಹೃದಯವನ್ನು ಮಾವಿನಹಣ್ಣಿನಷ್ಟು ನುಣುಪು ಮಾಡಿ ಒಯ್ದೆ. ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ತಿರುಗಿಸಿ ನೋಡಿದರು. "ಚೆಂದ ಆಗಿದೆ. ಆದರೆ ಇಲ್ಲಿ ಒಂದು ತೆಳು ಪರದೆ ಇತ್ತು, ನಿಮ್ಮ ನುಣುಪು ಅದನ್ನು ತಿಂದುಬಿಟ್ಟಿದೆ. ಇನ್ನೊಮ್ಮೆ ಮಾಡಿ" ಎಂದರು. ಆ ದಿನ ಊಟ ಸೇರಲಿಲ್ಲ. ಆದರೆ ಇನ್ನೊಮ್ಮೆ ಮಾಡಿದೆ, ಆಮೇಲೆ ಅವರಿಂದ ಅಂಥ ಮಾತು ಕೇಳಲಿಲ್ಲ.

ಈಗ ನನ್ನ ತಮ್ಮನ ವಿಷಯ.

ತಮ್ಮ ಎಂದರೆ ಕಾಕನ ಮಗ, ಒಂದೇ ಅಂಗಳದಲ್ಲಿ ಬೆಳೆದವರು. ಅವನು ಊರಲ್ಲಿ ಕುರಿ ಕಾಯುತ್ತಾನೆ, ನಮ್ಮ ಕುಲದೇವರು ಬೀರೋಬಾನ ಮುಂದೆ ಡೊಳ್ಳು ಹೊಡೆಯುತ್ತಾನೆ. ಡೊಳ್ಳಿನವರ ಸಾಲಿನಲ್ಲಿ ಮುಂದಿನ ಡೊಳ್ಳು ಅವನದು. ಅವನು ಎತ್ತಿದ ಗತ್ತಿಗೆ, ಅಂದರೆ ತಾಳಕ್ಕೆ, ಉಳಿದವರು ಹೆಜ್ಜೆ ಹಾಕಬೇಕು. ಆ ಮುಂದಿನ ಡೊಳ್ಳು ನಮ್ಮ ಮನೆಯದು, ಅವನ ಅಪ್ಪ ಹೊಡೆದದ್ದು, ಅಜ್ಜ ಹೊಡೆದದ್ದು. ಆದರೆ ನಮ್ಮಲ್ಲಿ ಒಂದು ರೂಢಿ ಇದೆ. ದೀಪಾವಳಿಯಲ್ಲಿ ಪಲ್ಲಕ್ಕಿ ಏಳುವಾಗ ಮುಂದಿನ ಡೊಳ್ಳಿನವನು ಕೊರಳಿಗೆ ಡೊಳ್ಳು ಹಾಕಿಕೊಂಡು ನಿಂತಿರಬೇಕು. ನಿಲ್ಲದಿದ್ದರೆ ಆ ಡೊಳ್ಳು ಭಾವಕಿಯ, ಅಂದರೆ ದಾಯಾದಿಗಳ, ಇನ್ನೊಂದು ಮನೆಗೆ ಹೋಗುತ್ತದೆ. ಹೋದದ್ದನ್ನು ಮರುವರ್ಷ ತಿರುಗಿ ಕೇಳುವಂತಿಲ್ಲ. ಅವರು ತಪ್ಪಿದಾಗಲೇ ಬರಬೇಕು.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವನು ಸೊಲ್ಲಾಪುರದ ನಮ್ಮ ಮನೆಗೆ ಬಂದ. ಹಾಸಿಗೆಯಲ್ಲಿ ಕುಳಿತೇ ಚಹಾ ಕುಡಿದ. ಅತ್ತಿಗೆಗೆ ಅವನು ವೈನಿ ಎನ್ನುತ್ತಾನೆ.

"ವೈನೀ, ಡೊಳ್ಳ ಹೊಡಿಯಾಕ ಹತ್ತಿದ್ರ ದಮ್ಮ ಹತ್ತತದ. ಮೊದಲ ಎರಡು ತಾಸು ಹೊಡಿತಿದ್ನಿ. ಈಗ ಒಂದು ಹಾಡಿಗಿ ಕಣ್ಣ ಮುಂದ ಕತ್ತಲಿ."

"ಬೀಡಿ ಬಿಡಪಾ ಅಂದ್ರ ಬಿಡಲಿಲ್ಲ" ಎಂದಳು ನನ್ನ ಹೆಂಡತಿ.

"ಬೀಡಿ ನನ್ನ ಬಿಟ್ಟದ, ನಾ ಅದನ್ನ ಬಿಡೂದ್ರಾಗ."

ಮ್ಯಾಡಮ್‌ಗೆ ತೋರಿಸಿದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, ಹುಟ್ಟಿನಿಂದಲೇ ಬಂದದ್ದು. ಮುಚ್ಚಲು ಎರಡು ದಾರಿ. ಒಂದು, ತೊಡೆಯ ರಕ್ತನಾಳದಿಂದ ತಂತಿ ಕಳಿಸಿ, ಎರಡು ಚಿಕ್ಕ ತಾಟು ಜೋಡಿಸಿದಂಥ ಮುಚ್ಚಳವನ್ನು ತೂತಿನೊಳಗೆ ಕೂರಿಸುವುದು. ಎರಡು ಮೂರು ದಿನಕ್ಕೆ ಮನೆ. ಇನ್ನೊಂದು, ಎದೆಯ ಎಲುಬು ಸೀಳಿ ಹೊಲಿಯುವುದು. ಎಲುಬು ಕೂಡುವ ತನಕ ತಿಂಗಳುಗಟ್ಟಲೆ ಭಾರ ಎತ್ತುವಂತಿಲ್ಲ. ದೀಪಾವಳಿಗೆ ಅಷ್ಟು ತಿಂಗಳು ಉಳಿದಿರಲಿಲ್ಲ. ಡೊಳ್ಳಿನ ಭಾರ ಬೀಳುವುದು ಎದೆಗೇ.

ಮುಚ್ಚಳ ಕೂರಬೇಕಾದರೆ ತೂತಿನ ಸುತ್ತ ಅಂಚು ಬೇಕು. ಎರಡು ತಾಟುಗಳು ಆ ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಗಂಟಲಲ್ಲಿ ನಳಿಗೆ ಇಳಿಸಿ ನೋಡಿದಾಗ ಮೇಲಿನ ಅಂಚು ಚೆನ್ನಾಗಿ ಕಂಡಿತು, ಕೆಳಗಿನ ಅಂಚು ಸರಿಯಾಗಿ ಕಾಣಲಿಲ್ಲ. ಅದಕ್ಕೇ ಸಿಟಿ ಮಾಡಿಸಿ, ಮಾಡೆಲ್ ಮಾಡಿಸಿ, ಅದರಲ್ಲಿ ಮುಚ್ಚಳ ಕೂರಿಸಿ ನೋಡೋಣ ಎಂದರು ಮ್ಯಾಡಮ್.

ತಮ್ಮ ಎಲ್ಲ ಕೇಳಿಸಿಕೊಂಡ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ನನಗೆ ಹೇಳಿದ:

"ಅಣ್ಣಾ, ತೊಡಿಯಾಗಿಂದ ಆದ್ರ ಮಾಡಸಗೊತೀನಿ. ಎದಿ ಸೀಳೂದಾದ್ರ ನಾ ಊರಿಗಿ ಹೋಗ್ತೀನಿ. ಇದ್ದಷ್ಟ ದಿನ ಹೊಡಿತೀನಿ."

"ಹುಚ್ಚಗಿಚ್ಚ ಹಿಡದದೇನು?"

"ಮಾಡೆಲ್ ಮಾಡಾಂವ ನೀನ ಹೌದಲ್ಲ? ಮತ್ಯಾಕ ಚಿಂತಿ." ನನ್ನ ಭುಜಕ್ಕೆ ಒಂದು ಹೊಡೆದು ನಕ್ಕ.

ಸ್ಕ್ಯಾನಿನ ಚಿತ್ರಗಳು ನನ್ನ ಕಂಪ್ಯೂಟರಿಗೆ ಬಂದವು. ಎಂದಿನಂತೆ ಹೆಸರಿಲ್ಲ, ಊರಿಲ್ಲ, ಒಂದು ನಂಬರ್ ಅಷ್ಟೇ. ಆದರೆ ನನಗೆ ಗೊತ್ತಿತ್ತು. ಮೇಲಿನ ಅಂಚು ತಾನೇ ತಾನಾಗಿ ಬಂತು. ಕೆಳಗೆ ಇಳಿದಂತೆ ಗೋಡೆ ತೆಳ್ಳಗಾಗಿ ಎರಡೂ ಕಡೆಯ ಬಿಳಿ ರಕ್ತದ ನಡುವೆ ಮಸುಕಾಯಿತು. ಇದು ಬೂದಿಯೋ ಬಿಳಿಯೋ ಎಂದು ಕಂಪ್ಯೂಟರಿಗೆ ನಾನು ಒಂದು ಗೆರೆ ಹಾಕಿ ಹೇಳಬೇಕು. ಗೆರೆಯನ್ನು ಕೂದಲೆಳೆಯಷ್ಟು ಆಚೆ ಸರಿಸಿದರೆ ಅಂಚು ಇದೆ. ಈಚೆ ಸರಿಸಿದರೆ ಇಲ್ಲ. ನುಣುಪಿನ ಗುಂಡಿ ಒಂದಿಷ್ಟು ತಿರುಗಿಸಿದರೆ ಮತ್ತೆ ಬೇರೆಯೇ.

ಎರಡು ದಿನ ಆಚೆ ಈಚೆ ಸರಿಸಿದೆ. ಪ್ರತಿ ಸಲ ನನ್ನ ಕೈ ಅಂಚು ಇರುವ ಕಡೆಗೇ ಜಾರುತ್ತಿತ್ತು. ನಾನು ಸುಳ್ಳು ಮಾಡುತ್ತಿರಲಿಲ್ಲ. ಆ ಮಸುಕಿನಲ್ಲಿ ನನಗೆ ನಿಜವಾಗಿಯೂ ಅಂಚು ಕಾಣುತ್ತಿತ್ತು. ಮರುದಿನ ನೋಡಿದರೆ ಅದೇ ಚೌಕಗಳಲ್ಲಿ ಏನೂ ಇಲ್ಲ. ನನ್ನ ಕಣ್ಣಿನ ಮೇಲೆ ನನಗೆ ಅಷ್ಟು ವರ್ಷ ಇದ್ದ ಭರವಸೆ ಆ ಎರಡು ದಿನದಲ್ಲಿ ಅಲುಗಾಡಿತು. ತಲೆಯಲ್ಲಿ ಇದ್ದದ್ದನ್ನೇ ಹೊಡೆಯುತ್ತಿದ್ದೇನೆ ಎಂದು ಹೊಳೆದಾಗ ಎದ್ದು ಮ್ಯಾಡಮ್ ಹತ್ತಿರ ಹೋದೆ.

"ಇವನು ನನ್ನ ತಮ್ಮ. ನನಗೆ ಕೆಳಗಿನ ಅಂಚು ಬೇಕಾಗಿದೆ. ಅದಕ್ಕೆ ನನಗೆ ಕಾಣಾಕತ್ತದ" ಎಂದು ಮರಾಠಿ ಕನ್ನಡ ಎರಡೂ ಕಲೆಸಿ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಬೇರೆ ಯಾರಿದ್ದಾರೆ ಮಾಡಲು? ಪುಣೆಗೆ ಕಳಿಸಿದರೆ ವಾರಗಳು ಹೋಗುತ್ತವೆ."

"ತುಂಬುವವನು ನಾನೇ. ಓದುವವರು ಬೇರೆ ಬೇಕು." ಕಾರ್ಖಾನೆಯ ಪದ್ಧತಿ ಹೇಳಿದೆ. ಓದುವುದಕ್ಕೆ ಹೆಂಡತಿಯನ್ನು ಕರೆತರುತ್ತೇನೆ, ಯಾರದೆಂದು ಹೇಳುವುದಿಲ್ಲ, ಹೃದಯ ಎಂದೂ ಕಾಣದಷ್ಟು ದೊಡ್ಡದು ಮಾಡಿ ಬರೀ ಚೌಕ ತೋರಿಸುತ್ತೇನೆ ಎಂದೆ. "ನಂಬರಿನ ಹಿಂದೆ ಯಾರಿದ್ದಾರೆಂದು ಆಕೆಗೆ ಕಾಣದಿದ್ದರೆ ಸರಿ. ಮುಗಿದ ಮೇಲೆ ನಾನೂ ಒಮ್ಮೆ ಎಲ್ಲ ನೋಡುತ್ತೇನೆ" ಎಂದರು.

ರವಿವಾರ ಊಟ ಮುಗಿಸಿ ಕರೆದೊಯ್ದೆ. ಕಂಪ್ಯೂಟರಿನ ಮುಂದೆ ಕೂರುವ ಮೊದಲು ಆಕೆ ಸೆರಗು ಸರಿ ಮಾಡಿಕೊಂಡಳು, ಯಾರೋ ದೊಡ್ಡವರ ಎದುರು ಕೂತ ಹಾಗೆ.

"ಇದೇನ್ರಿ, ಬರೇ ಬೂದಿ?"

ಮೇಲಿನ ಅಂಚಿನ, ಅನುಮಾನವೇ ಇಲ್ಲದ, ಒಂದು ಪಟ್ಟಿಯನ್ನು ಪಕ್ಕಕ್ಕೆ ಇಟ್ಟಿದ್ದೆ. "ಈ ಪಟ್ಟಿ ಹಂಗ ಇದ್ರ ಹೊಡಿ ಅನ್ನು. ಇದಕ್ಕಿಂತ ಬೆಳ್ಳಗಿದ್ರ ಬಿಡು ಅನ್ನು."

"ನಡುವಿಂದ ಬಂದ್ರ?"

"ನೀನ ಹೇಳಬೇಕು. ನನ್ನ ಕೇಳಬ್ಯಾಡ."

ಗ್ರಾಫ್ ಹಾಳೆ, ಕೆಂಪು ಪೆನ್ಸಿಲ್ ಹಿಡಿದು ಆಕೆಗೆ ಬೆನ್ನು ಮಾಡಿ ಕುಳಿತೆ. ಎಷ್ಟೋ ವರ್ಷದ ಮೇಲೆ ಆ ಧ್ವನಿ ಮತ್ತೆ ಶುರುವಾಯಿತು. ನಾಲ್ಕು ಬಿಡು. ಐದು ಹೊಡಿ. ಮೂರು ಬಿಡು. ಒಂದು ಚಿತ್ರ ಮುಗಿದರೆ ಕೆಳಗಿನದು. ನಾಲ್ಕು ಬಿಡು, ಮೂರು ಹೊಡಿ. ಇನ್ನೂ ಕೆಳಗೆ. ಆರು ಬಿಡು, ಎರಡು ಹೊಡಿ. ಇನ್ನೊಂದು ಹೊಡಿ ಅನ್ನಲಿ ಎಂದು ಬಾಯೊಳಗೇ ಬೀರೋಬಾನನ್ನು ಕೇಳಿದೆ. ಒಂದು ಹೊಡಿ ಎಂದಳು. ಮುಂದಿನ ಚಿತ್ರಕ್ಕೆ ಎಂದಳು:

"ಪೂರಾ ಬಿಡು."

"ಇನ್ನೊಮ್ಮೆ ನೋಡು."

"ಯಾಕ, ನನ್ನ ಕಣ್ಣು ಹೋಗ್ಯಾವೇನು? ಪೂರಾ ಬಿಡು ಅಂದ್ರ ಪೂರಾ ಬಿಡು."

ಆಮೇಲಿನವೂ ಹಾಗೇ. ಕೊನೆಗೆ ಎದುರಿನ ಗೋಡೆ ಸಿಕ್ಕಾಗಲೇ ಮತ್ತೆ ಹೊಡಿ ಎಂದದ್ದು. ತಿರುಗಿ ಕುಳಿತೆ. ಆಕೆ ನನ್ನ ಮುಖ ನೋಡಿದಳು.

"ಯಾರದ್ರಿ ಇದು?"

ಹೇಳಿದೆ. ಬಹಳ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ಸಿಟ್ಟಿನಿಂದ, "ಮೊದಲ ಹೇಳಿದ್ರ ನಾ ಎರಡು ಹೊಡಿ ಜಾಸ್ತಿ ಅಂತಿದ್ನಿ" ಎಂದಳು.

"ಅದಕ್ಕ ಹೇಳಲಿಲ್ಲ."

"ನಿಮ್ಮ ಸಂಗಾಟ ಕೂಡಿಸಿಕೊಂಡು ಹಾಳಾದ ಕೆಲಸ ಮಾಡಿಸಿದ್ರಿ ನನ್ನ ಕಡಿಂದ." ಎದ್ದು ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ಮನೆಗೆ ನಡೆದಳು.

ಮ್ಯಾಡಮ್ ಹಾಳೆಯನ್ನೂ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಪ್ಪಿದರು. ಹಾಳೆಯಲ್ಲಿದ್ದಂತೆಯೇ ಕಂಪ್ಯೂಟರಿನಲ್ಲಿ ತುಂಬಿ, ನುಣುಪು ಎಷ್ಟು ಬೇಕೋ ಅಷ್ಟೇ ಮಾಡಿ ಪ್ರಿಂಟರಿಗೆ ಕಳಿಸಿದೆ.

ತಮ್ಮನನ್ನು ಕರೆಸಿದರು. ಮೇಜಿನ ಮೇಲೆ ರಬ್ಬರಿನ ಹೃದಯ ಇತ್ತು, ಒಳಗೆ ಕಾಣಲಿ ಎಂದು ಒಂದು ಕಡೆ ಕಿಟಕಿ ಕೊಯ್ದಿದ್ದೆವು. ಅವನು ಮುಟ್ಟಲು ಹಿಂಜರಿದ, ಆಮೇಲೆ ಎರಡೂ ಕೈಯಲ್ಲಿ ಎತ್ತಿಕೊಂಡ, ಹುಟ್ಟಿದ ಮರಿಯನ್ನು ಎತ್ತುವ ಹಾಗೆ.

"ನನ್ನ ಗುಂಡಿಗಿ ಇಷ್ಟ ದೊಡ್ಡದಾ?"

"ಕೆಲಸ ಜಾಸ್ತಿಯಾಗಿ ಊದಿಕೊಂಡಿದೆ" ಎಂದರು ಮ್ಯಾಡಮ್. ನಾನು ಕನ್ನಡದಲ್ಲಿ ಹೇಳಿದೆ. ಮುಚ್ಚಳವನ್ನು ತಂತಿಗೆ ಸಿಕ್ಕಿಸಿ ಅವನ ಕೈಗೇ ಕೊಟ್ಟು, "ಇಲ್ಲಿ ನೋಡಿ, ನೀವೇ ಕೂರಿಸಿ" ಎಂದರು. ಅವನು ಕೂರಿಸಿದ. ಮೇಲೆ ಕಚ್ಚಿತು. ತಂತಿ ಬಿಡಿಸಿ ಹೃದಯವನ್ನು ಮೆಲ್ಲಗೆ ಅಲುಗಿಸಿದರು. ಕೆಳಗಿನ ಕಡೆ ತಾಟು ವಾಲಿತು, ಜಾರಿತು, ಒಳಗೆ ಬಿತ್ತು. ಅವನು ಬೆರಳು ಹಾಕಿ ತೆಗೆದು ಮತ್ತೆ ಕೂರಿಸಿದ. ಮತ್ತೆ ಬಿತ್ತು. ಮೂರನೆಯ ಸಲ ನನ್ನ ಕಡೆ ನೋಡಿದ.

"ಅಣ್ಣಾ, ಇಲ್ಲಿ ಒಂದ ಚೂರ ಪ್ಲಾಸ್ಟಿಕ್ ಜಾಸ್ತಿ ಇಟ್ಟಿದ್ರ ನಿನ್ನ ಗಂಟೇನ ಹೋಗತಿತ್ತು?"

"ಇದಕ್ಕ ಇಡಬಹುದಪಾ. ನಿನಗ ಹೆಂಗ ಇಡ್ಲಿ?"

"ಭಾವಕಿಯವ್ರು ನಿನಗ ಏನ ಕೊಟ್ಟಾರ ಹೇಳು."

ಮ್ಯಾಡಮ್‌ಗೆ ಕನ್ನಡ ಬರುವುದಿಲ್ಲ, ಆದರೆ ಅದು ಅವರಿಗೆ ಅರ್ಥವಾಯಿತು ಅನಿಸುತ್ತದೆ. ಕಿಟಕಿಯ ಕಡೆ ನೋಡಿದರು.

ಅವನು ಮುಚ್ಚಳವನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೇಳಿದ: "ಹಿಂಗ ಒಳಗ ಬಿದ್ರ ಎಲ್ಲಿಗಿ ಹೋಗತದ ಇದು?"

ಮ್ಯಾಡಮ್ ಹೇಳಿದರು, ರಕ್ತದ ಜೊತೆ ಹೋಗಿ ಮುಂದೆ ಎಲ್ಲೋ ಸಿಕ್ಕಿಕೊಳ್ಳುತ್ತದೆ, ಆಗ ಅವಸರದಲ್ಲಿ ಎದೆ ತೆರೆಯಬೇಕು, ಅದು ಆರಾಮಾಗಿ ತೆರೆದ ಹಾಗಲ್ಲ. ನಾನು ಒಂದೊಂದೇ ಮಾತು ಕನ್ನಡ ಮಾಡಿದೆ. ಅವನು ಹೃದಯವನ್ನು ಮೇಜಿನ ಮೇಲಿಟ್ಟ. ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕುಳಿತ. ನಾನು ಹೋಗಲಿಲ್ಲ, ನನ್ನ ಹೆಂಡತಿ ಊಟದ ಡಬ್ಬಿ ತಂದಿದ್ದಳು, ಆಕೆ ಹೋದಳು. ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಡಬ್ಬಿ ಖಾಲಿಯಾಗಿ ಬಂತು. "ಆಪರೇಶನ್ನಿನ ದಿನ ಗೊತ್ತ ಮಾಡ್ರಿ ಅಂದಾನ" ಎಂದಳು.

ಎದೆ ತೆರೆದು ಹೊಲಿದರು. ಸರ್ಜನ್ ಹೊರಗೆ ಬಂದಾಗ ನಾನು ತಡೆದು ನಿಲ್ಲಿಸಿ ನೇರ ಕೇಳಿದೆ, ಕೆಳಗಿನ ಅಂಚು ಇತ್ತೋ ಇಲ್ಲವೋ. ಅವರು ದಣಿದಿದ್ದರು, ಆದರೂ ನಿಂತರು. "ಒಂದು ಪೊರೆ ಇತ್ತು. ಈರುಳ್ಳಿಯ ಒಳಗಿನ ಪೊರೆ ಇರುತ್ತದಲ್ಲ, ಅಂಥದು. ನಿಮ್ಮ ಮಾಡೆಲಿನಲ್ಲಿ ಅದು ಬಂದಿರಲಿಲ್ಲ. ಮುಚ್ಚಳವನ್ನು ಅದು ಹಿಡಿಯುತ್ತಿರಲಿಲ್ಲ" ಎಂದು ಹೇಳಿ ಹೋದರು.

ಆ ಪೊರೆಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಹೆಂಡತಿ ಪೂರಾ ಬಿಡು ಎಂದ ಚೌಕಗಳಲ್ಲಿ ಏನೋ ಇತ್ತು. ಎರಡು ದಿನ ನನಗೆ ಕಂಡದ್ದು ಅದೇ ಪೊರೆಯೋ, ನನ್ನ ಆಸೆಯೋ? ಸ್ಕ್ಯಾನಿನ ಚೌಕಕ್ಕಿಂತ ತೆಳ್ಳಗಿನದು ಸ್ಕ್ಯಾನಿನಲ್ಲಿ ಬರುವುದಿಲ್ಲ, ಅದು ಮಷೀನಿನ ಮಿತಿ ಎಂದರು ಮ್ಯಾಡಮ್. ಇರಬಹುದು. ನಾನು ಅಭಿಮಾನದ ಮನುಷ್ಯ, ನನ್ನ ಕೆಲಸದಲ್ಲಿ ಇಲ್ಲದ್ದೊಂದು ರೋಗಿಯ ಎದೆಯಲ್ಲಿ ಇತ್ತು ಎಂಬುದನ್ನು ನುಂಗಲು ನನಗೆ ಸಮಯ ಬೇಕಾಯಿತು. ಈಗ ಪ್ರತಿ ಮಾಡೆಲ್ ಜೊತೆ ಮ್ಯಾಡಮ್‌ಗೆ ಬಾಯಿಬಿಟ್ಟು ಹೇಳುತ್ತೇನೆ: ಇಲ್ಲಿಯ ತನಕ ನನಗೆ ಕಂಡಿದೆ, ಇಲ್ಲಿಂದ ಮುಂದೆ ಕಂಡಿಲ್ಲ.

ದೀಪಾವಳಿಗೆ ಪಲ್ಲಕ್ಕಿ ಎದ್ದಾಗ ಮುಂದಿನ ಡೊಳ್ಳು ಭಾವಕಿಯವರ ಕೊರಳಲ್ಲಿತ್ತು. ತಮ್ಮ ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು, ಎದೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಜನರ ನಡುವೆ ನಿಂತಿದ್ದ. ನಾನು ಪಕ್ಕದಲ್ಲಿದ್ದೆ.

"ಗತ್ತ ತಪ್ಪಾಕತ್ಯಾನ" ಎಂದ.

"ನನಗ ತಿಳಿಯೂದಿಲ್ಲ" ಎಂದೆ.

"ನಿನಗ ಯಾವಾಗ ತಿಳದದ. ಸೊಲ್ಲಾಪುರದಾಂವ ನೀ."

ಅದಾದ ಮೇಲೆ ಇನ್ನೊಂದು ದೀಪಾವಳಿ ಹೋಯಿತು, ಡೊಳ್ಳು ತಿರುಗಿ ಬಂದಿಲ್ಲ. ಭಾವಕಿಯವರು ಗಟ್ಟಿ ಜನ, ತಪ್ಪುವವರಲ್ಲ. ತಮ್ಮ ಈಗ ಕುರಿಯ ಹಿಂದೆ ದಿನಪೂರ್ತಿ ನಡೆಯುತ್ತಾನೆ, ದಮ್ಮು ಹತ್ತುವುದಿಲ್ಲ. ತಪಾಸಣೆಗೆ ಬಂದಾಗ ನಮ್ಮ ಮನೆಯಲ್ಲೇ ಇಳಿಯುತ್ತಾನೆ, ವೈನಿಯ ಜೊತೆ ಹರಟೆ ಹೊಡೆಯುತ್ತಾನೆ, ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು. ಒಮ್ಮೆ ನಾನು ಇಲ್ಲದಾಗ ಹೆಂಡತಿಯನ್ನು ಕೇಳಿದನಂತೆ, "ಖರೆ ಹೇಳ್ರಿ ವೈನಿ, ಅಂವಗ ಅಂಚು ಕಂಡಿತ್ತ ಇಲ್ಲ?" ಆಕೆ ಏನು ಹೇಳಿದಳೆಂದು ಕೇಳಿದೆ. "ಓದಿದಾಕಿ ನಾನು, ನನ್ನ ಕೇಳು ಅಂದೆ" ಎಂದಳು. ಅವನು ಮತ್ತೆ ಕೇಳಲಿಲ್ಲವಂತೆ. ನನ್ನನ್ನು ಕೇಳಿದ್ದರೆ ಕಂಡಿತ್ತು ಎಂದೇ ಹೇಳುತ್ತಿದ್ದೆ, ಆಸೆಪಟ್ಟ ಕಣ್ಣಿಗೆ ಕಂಡದ್ದಕ್ಕೇ ತುಂಬಲಿಲ್ಲ ಎಂದೂ ಹೇಳುತ್ತಿದ್ದೆ. ಅವನು ಕೇಳಿಲ್ಲ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನನ್ನ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿತವರು, ಓದಲಾರರು. ತಮ್ಮ ಓದಬಲ್ಲ, ನಿಧಾನವಾಗಿ.

ಈಗ ನನಗೆ ಇರುವುದು ಇಷ್ಟು: ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಖೋಲಿ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್. ಬಾಡಿಗೆಯ ಎರಡು ಕೋಣೆಯ ಮನೆ. ಒಬ್ಬ ಹೆಂಡತಿ. ಇಬ್ಬರು ಮಕ್ಕಳು. ಒಬ್ಬ ತಮ್ಮ.